ಡಬ್ಲ್ಯೂಎಂಐ ಪ್ರೊವೈಡರ್ ಹೋಸ್ಟ್ ಕಂಪ್ಯೂಟರನ್ನು ನಿಧಾನ ಮಾಡ್ತಿದ್ದರೆ: ಅದು ಯಾರ ಕೆಲಸ ಮಾಡ್ತಿದೆ ಅಂತ ಹುಡುಕುವ ಬಗೆ

ತೀರ್ಥಹಳ್ಳಿಯಲ್ಲಿ ನಮ್ಮ ಅಕ್ಕನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಮದುವೆ ಸೀಸನ್ ಶುರುವಾಗುವ ಹೊತ್ತಿಗೆ ಸರಿಯಾಗಿ ಅವಳ ಲ್ಯಾಪ್‌ಟಾಪ್ ನಿಧಾನವಾಯಿತು. ಸ್ವಲ್ಪ ನಿಧಾನ ಅಲ್ಲ. ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ‘ಶ್ರೀ’ ಬರೆಯಲು ನಾಲ್ಕು ಕೀ ಒತ್ತಬೇಕು. ಅಕ್ಕ ನಾಲ್ಕನ್ನೂ ಒತ್ತಿ ಕೈ ತೆಗೆದ ಮೇಲೆ ಪರದೆಯಲ್ಲಿ ಮೊದಲು ‘ಶ’ ಬರುತ್ತಿತ್ತು. ಆಮೇಲೆ ಒತ್ತು. ಕೊನೆಗೆ ದೀರ್ಘ. ಫ್ಯಾನ್ ಬೆಳಗ್ಗೆಯಿಂದ ರಾತ್ರಿವರೆಗೂ ಗುಂಯ್ ಅನ್ನುತ್ತಿತ್ತು.

“ತಮ್ಮಾ, ಮದುವೆ ಕಾಗದದ ಕರಡು ನೋಡೋಕೆ ಹುಡುಗಿ ಅಪ್ಪ ಎದುರಿಗೇ ಕೂತಿದ್ದಾರೆ. ಇದು ನೋಡಿದ್ರೆ ಹೀಗೆ ಮಾಡ್ತಿದೆ” ಅಂತ ಫೋನ್ ಮಾಡಿದಳು. ಒಬ್ಬರು ರಿಪೇರಿಯವರು ಬಂದು ನೋಡಿ, ಫಾರ್ಮ್ಯಾಟ್ ಮಾಡಬೇಕು ಅಂದಿದ್ದರಂತೆ. ಫಾರ್ಮ್ಯಾಟ್ ಅಂದರೆ ವರ್ಷಗಟ್ಟಲೆ ಕೂಡಿಟ್ಟ ಫಾಂಟ್, ಕಾಗದಗಳ ಮಾದರಿ, ಪ್ರಿಂಟರ್ ಸೆಟ್ಟಿಂಗ್ ಎಲ್ಲ ಮತ್ತೆ ಮೊದಲಿಂದ. ಬೇಡ, ಭಾನುವಾರ ಬರ್ತೀನಿ ಅಂದೆ.

ಆ ಭಾನುವಾರ ಮಾಡಿದ ಕೆಲಸವನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಇದು ವಿಂಡೋಸ್ 10 ಮತ್ತು 11 ಎರಡಕ್ಕೂ ಹೊಂದುತ್ತದೆ.

ಮೊದಲು, ತಿನ್ನುತ್ತಿರುವುದು ಯಾವುದು

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಡೀಟೇಲ್ಸ್ ವಿಭಾಗಕ್ಕೆ ಹೋಗಿ, ಸಿಪಿಯು (ಅಂದರೆ ಪ್ರೊಸೆಸರ್) ಅನ್ನುವ ತಲೆಬರಹದ ಮೇಲೆ ಒತ್ತಿ. ಜಾಸ್ತಿ ತಿನ್ನುವುದು ಮೇಲೆ ಬರುತ್ತದೆ. ‘ಸಿಸ್ಟಮ್ ಐಡಲ್ ಪ್ರೊಸೆಸ್’ ಮೇಲಿದ್ದರೆ ಗಾಬರಿ ಬೇಡ. ಅದು ಖಾಲಿ ಇರುವ ಸಿಪಿಯು ಲೆಕ್ಕ.

ಬೇರೆ ಏನನ್ನೂ ಮುಟ್ಟದೆ ಐದು ನಿಮಿಷ ಸುಮ್ನೆ ನೋಡಿ. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಟಿಐವರ್ಕರ್, ಹುಡುಕಾಟದ ಇಂಡೆಕ್ಸರ್, ಡಿಫೆಂಡರ್‌ನ ಆಂಟಿಮಾಲ್‌ವೇರ್ ಸರ್ವಿಸ್ ಇವೆಲ್ಲ ಸಿಪಿಯು ತಿನ್ನುವುದು ಸಹಜ. ಕೆಲಸ ಮುಗಿದ ಮೇಲೆ ತಾವೇ ಸುಮ್ಮನಾಗುತ್ತವೆ. ಚಾರ್ಜರ್ ಹಾಕಿ ಒಂದೆರಡು ಗಂಟೆ ಬಿಟ್ಟರೆ ಸಾಕು. ನಾವು ಹುಡುಕುತ್ತಿರುವುದು ದಿನಗಟ್ಟಲೆ ಇಳಿಯದೆ ನಿಂತ ಸಂಖ್ಯೆಯನ್ನು.

ಅಕ್ಕನ ಲ್ಯಾಪ್‌ಟಾಪಿನಲ್ಲಿ ಹಾಗೆ ನಿಂತಿದ್ದು ಡಬ್ಲ್ಯೂಎಂಐಪಿಆರ್‌ವಿಎಸ್‌ಇ ಅನ್ನುವ ಪ್ರೊಸೆಸ್. ಪ್ರೊಸೆಸಸ್ ವಿಭಾಗದಲ್ಲಿ ಇದಕ್ಕೇ ‘ಡಬ್ಲ್ಯೂಎಂಐ ಪ್ರೊವೈಡರ್ ಹೋಸ್ಟ್’ ಅಂತ ಹೆಸರು. ಶೇಕಡಾ 24, 25, 25, 24. ಇದರ ಆಚೀಚೆ ಹೋಗುತ್ತಲೇ ಇರಲಿಲ್ಲ.

ಈ 25 ಅನ್ನುವ ಸಂಖ್ಯೆಯೇ ಒಂದು ಸುಳಿವು. ಅವಳದ್ದು ಎರಡು ಕೋರ್, ನಾಲ್ಕು ಥ್ರೆಡ್ ಇರುವ ಪ್ರೊಸೆಸರ್, ಅಂದರೆ ಒಂದೇ ಹೊತ್ತಿಗೆ ನಾಲ್ಕು ಕೆಲಸ ನಡೆಸಬಲ್ಲದು. ನೂರನ್ನು ನಾಲ್ಕರಿಂದ ಭಾಗಿಸಿದರೆ 25. ಅಂದರೆ ಒಂದು ಥ್ರೆಡ್ ಪೂರ್ತಿ ಇದಕ್ಕೇ ಮೀಸಲಾಗಿತ್ತು. ಎಂಟು ಥ್ರೆಡ್ ಇದ್ದರೆ 12 ಅಥವಾ 13 ಕಾಣುತ್ತದೆ. ಸಂಖ್ಯೆ ಚಿಕ್ಕದು ಅಂತ ಬಿಟ್ಟುಬಿಡಬೇಡಿ. ಅದು ಅಲುಗಾಡದೆ ನಿಂತಿದೆಯಾ ಅಂತ ನೋಡಿ. ಲ್ಯಾಪ್‌ಟಾಪಿನಲ್ಲಿ ಇನ್ನೊಂದು ತೊಂದರೆಯೂ ಇದೆ. ಒಂದು ಥ್ರೆಡ್ ಬಿಡುವಿಲ್ಲದೆ ಓಡಿದರೆ ಬಿಸಿ ಏರುತ್ತದೆ, ಬಿಸಿ ಏರಿದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಉಳಿದ ಮೂರು ಥ್ರೆಡ್‌ಗೂ ಏಟು ಬೀಳುತ್ತದೆ.

ಇದು ಸಪ್ಲಾಯರ್, ಗಿರಾಕಿ ಬೇರೆ

ಡಬ್ಲ್ಯೂಎಂಐ ಅಂದರೆ ವಿಂಡೋಸ್ ಮ್ಯಾನೇಜ್‌ಮೆಂಟ್ ಇನ್‌ಸ್ಟ್ರುಮೆಂಟೇಶನ್. ವಿಂಡೋಸ್ 2000ದಿಂದ ಈಚೆಗೆ ವಿಂಡೋಸ್ ಜೊತೆಗೇ ಬರುತ್ತಿದೆ. ಕಂಪ್ಯೂಟರಿನ ಬಗ್ಗೆ ಬೇರೆ ಪ್ರೋಗ್ರಾಂಗಳು ಕೇಳುವ ಪ್ರಶ್ನೆಗೆ ಉತ್ತರ ಕೊಡುವುದು ಇದರ ಕೆಲಸ. ಬ್ಯಾಟರಿ ಎಷ್ಟಿದೆ, ಯಾವ ಡಿಸ್ಕ್ ಹಾಕಿದೆ, ಯಾವ ಯುಎಸ್‌ಬಿ ಸಾಧನ ಸಿಕ್ಕಿಸಿದೆ, ಇಂಥವು. ಪ್ರಶ್ನೆ ತೆಗೆದುಕೊಳ್ಳುವುದು ವಿನ್‌ಎಂಜಿಎಂಟಿ ಅನ್ನುವ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ). ಓಡಿ ಹೋಗಿ ಉತ್ತರ ತರುವುದು ಪ್ರೊವೈಡರ್ ಹೋಸ್ಟ್.

ಹೋಟೆಲಿನಲ್ಲಿ ಸಪ್ಲಾಯರ್ ಬೆವರು ಸುರಿಸಿಕೊಂಡು ಓಡಾಡುತ್ತಿದ್ದಾನೆ ಅಂದರೆ ತಪ್ಪು ಅವನದಲ್ಲ, ಅಲ್ವಾ? ಯಾವುದೋ ಟೇಬಲ್‌ನವರು ಅವನನ್ನು ಬಿಡದೆ ಕರೆಯುತ್ತಿದ್ದಾರೆ. ಆ ಟೇಬಲ್ ಹುಡುಕಬೇಕು. ಪ್ರೊವೈಡರ್ ಹೋಸ್ಟ್ ವಿಷಯದಲ್ಲಿ ನನಗೆ ಗೊತ್ತಿರುವ ಮುಖ್ಯ ಮಾತು ಇದೊಂದೇ. ಮುಂದಿನದೆಲ್ಲ ಆ ಟೇಬಲ್ ಹುಡುಕುವ ದಾರಿ.

ಅದಕ್ಕೇ ಇದರ ಮೇಲೆ ಬಲಗಡೆ ಕ್ಲಿಕ್ ಮಾಡಿ ‘ಎಂಡ್ ಟಾಸ್ಕ್’ ಕೊಟ್ಟರೆ ಉಪಯೋಗವಿಲ್ಲ. ಒಂದು ಗಳಿಗೆ ಹಗುರಾಗುತ್ತದೆ. ಮುಂದಿನ ಪ್ರಶ್ನೆ ಬಂದ ಕೂಡಲೇ ವಿಂಡೋಸ್ ಅದನ್ನು ಮತ್ತೆ ಎಬ್ಬಿಸುತ್ತದೆ. ಡಬ್ಲ್ಯೂಎಂಐ ಸರ್ವಿಸ್ಸನ್ನೇ ಡಿಸೇಬಲ್ ಮಾಡಿ ಅಂತ ಸಲಹೆ ಕೊಡುವವರೂ ಇದ್ದಾರೆ. ದಯವಿಟ್ಟು ಮಾಡಬೇಡಿ. ವಿಂಡೋಸ್‌ನ ಸೆಕ್ಯುರಿಟಿ ಸೆಂಟರ್ ಸೇರಿ ಎಷ್ಟೋ ಭಾಗಗಳು ಇದನ್ನೇ ನಂಬಿಕೊಂಡಿವೆ. ಮುಂದೆ ಬೇರೇನೋ ಕೆಟ್ಟಾಗ ಕಾರಣ ಇದೇ ಅಂತ ಯಾರಿಗೂ ಹೊಳೆಯುವುದಿಲ್ಲ.

ಅಸಲಿಯೋ ನಕಲಿಯೋ ಅನ್ನುವ ಅನುಮಾನವನ್ನು ಒಂದೇ ನಿಮಿಷದಲ್ಲಿ ಮುಗಿಸಬಹುದು. ಹೆಸರಿನ ಮೇಲೆ ಬಲಗಡೆ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿ. ವಿಂಡೋಸ್ ಫೋಲ್ಡರಿನ ಸಿಸ್ಟಮ್32 ಒಳಗಿನ ಡಬ್ಲ್ಯೂಬಿಇಎಂ ಫೋಲ್ಡರ್ ತೆರೆದರೆ ಅಸಲಿ. 32 ಬಿಟ್ ಪ್ರತಿ ಸಿಸ್‌ವಾವ್64 ಒಳಗಿನ ಡಬ್ಲ್ಯೂಬಿಇಎಂನಲ್ಲಿ ಇರುತ್ತದೆ, ಅದೂ ಅಸಲಿಯೇ. ಬೇರೆ ಎಲ್ಲಿಗೋ, ಅದರಲ್ಲೂ ಟೆಂಪ್ ಅಥವಾ ಆ್ಯಪ್‌ಡೇಟಾ ಫೋಲ್ಡರಿಗೆ ಹೋದರೆ ಅದು ವೇಷ ಹಾಕಿದ ಕಳ್ಳ. ಇಂಟರ್ನೆಟ್ ತೆಗೆದು, ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಒಂದೇ ಸಮಯಕ್ಕೆ ಎರಡು ಮೂರು ಪ್ರೊವೈಡರ್ ಹೋಸ್ಟ್ ಕಂಡರೆ ಅನುಮಾನ ಪಡಬೇಡಿ. ಸಿಸ್ಟಮ್, ನೆಟ್‌ವರ್ಕ್ ಸರ್ವಿಸ್, ಲೋಕಲ್ ಸರ್ವಿಸ್ ಹೀಗೆ ಬೇರೆ ಬೇರೆ ಖಾತೆಯಲ್ಲಿ ಒಂದೊಂದು ಓಡುತ್ತದೆ.

“ದಿನಾ ಆಫ್ ಮಾಡ್ತೀನಲ್ಲ?”

ರೀಸ್ಟಾರ್ಟ್ ಮಾಡಿ ನೋಡಿದ್ಯಾ ಅಂತ ಕೇಳಿದ್ದಕ್ಕೆ ಅಕ್ಕ ಹೀಗಂದಳು. ನಿಜವೇ. ರಾತ್ರಿ ಅಂಗಡಿ ಬಾಗಿಲು ಹಾಕುವ ಮುಂಚೆ ತಪ್ಪದೆ ಶಟ್‌ಡೌನ್ ಕೊಡುತ್ತಾಳೆ. ನಾನು ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಒತ್ತಿ, ಕೆಳಗಿರುವ ‘ಅಪ್ ಟೈಮ್’ ತೋರಿಸಿದೆ. 41 ದಿನ.

ಇದಕ್ಕೆ ಕಾರಣ ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರಿಂದ ಬಂದ ಸೌಲಭ್ಯ ಇದು. ಇದು ಆನ್ ಇದ್ದಾಗ ಶಟ್‌ಡೌನ್ ಕೊಟ್ಟರೆ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ. ಆದರೆ ವಿಂಡೋಸ್‌ನ ತಿರುಳು ಮತ್ತು ಸರ್ವಿಸ್‌ಗಳು ಇದ್ದ ಸ್ಥಿತಿಯಲ್ಲೇ ಡಿಸ್ಕಿನಲ್ಲಿ ಮಲಗುತ್ತವೆ. ಬೆಳಗ್ಗೆ ಹಾಗೇ ಎದ್ದು ಬರುತ್ತವೆ. ಸರ್ವಿಸ್ ಒಳಗಿನ ರೋಗವೂ ಜೊತೆಗೇ ಎದ್ದು ಬರುತ್ತದೆ. ‘ರೀಸ್ಟಾರ್ಟ್’ ಕೊಟ್ಟಾಗ ಮಾತ್ರ ಎಲ್ಲ ಪೂರ್ತಿ ಮುಚ್ಚಿ ಹೊಸದಾಗಿ ಶುರುವಾಗುತ್ತದೆ.

ಹಾಗಾಗಿ ಈಗ ರೀಸ್ಟಾರ್ಟ್ ಕೊಡಿ. ಕೆಲವರಿಗೆ ಇಷ್ಟಕ್ಕೇ ಗುಣವಾಗುತ್ತದೆ. ಗುಣವಾಗದಿದ್ದರೂ ಇದು ಬೇಕು, ಯಾಕೆ ಅಂತ ಕೆಳಗೆ ಗೊತ್ತಾಗುತ್ತದೆ. ಎದ್ದ ಕೂಡಲೇ ಟಾಸ್ಕ್ ಮ್ಯಾನೇಜರ್ ತೆರೆದು, ಗಡಿಯಾರ ನೋಡುತ್ತಾ ಕೂತುಕೊಳ್ಳಿ. ಪ್ರೊವೈಡರ್ ಹೋಸ್ಟ್ ಎಷ್ಟು ಹೊತ್ತಿಗೆ ಏರಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಅಕ್ಕನ ಲ್ಯಾಪ್‌ಟಾಪ್ ಎದ್ದಿದ್ದು 11 ಗಂಟೆ 6 ನಿಮಿಷಕ್ಕೆ. ಎರಡು ನಿಮಿಷಕ್ಕೂ ಸ್ವಲ್ಪ ಜಾಸ್ತಿ ಹೊತ್ತು ಎಲ್ಲ ಶಾಂತ. ಫ್ಯಾನ್ ನಿಂತೇಹೋಯಿತು. ಅಕ್ಕನಿಗೆ ಖುಷಿ. 11 ಗಂಟೆ 9 ನಿಮಿಷಕ್ಕೆ ಮತ್ತೆ 25. ಈ ಎರಡು ನಿಮಿಷದ ಮೌನವೂ ಒಂದು ಸುಳಿವು. ಕೆಲವು ಸರ್ವಿಸ್‌ಗಳನ್ನು ‘ಆಟೋಮ್ಯಾಟಿಕ್ ಡಿಲೇಡ್ ಸ್ಟಾರ್ಟ್’ ಅಂತ ಇಟ್ಟಿರುತ್ತಾರೆ. ಅವು ಕಂಪ್ಯೂಟರ್ ಬೂಟ್ ಆಗಿ, ಅಂದರೆ ಎದ್ದು, ಸುಮಾರು ಎರಡು ನಿಮಿಷದ ನಂತರ ಶುರುವಾಗುತ್ತವೆ. ಕರೆಯುತ್ತಿರುವ ಗಿರಾಕಿ ಅಂಥದ್ದೇ ಒಂದು ಸರ್ವಿಸ್ ಇರಬಹುದು ಅಂತ ನನಗೆ ಅನ್ನಿಸಿತು.

ಈವೆಂಟ್ ವ್ಯೂವರ್ ಓದುವುದು

ವಿಂಡೋಸ್ ತನ್ನೊಳಗೆ ಆಗುವುದನ್ನು ಬರೆದಿಡುವ ದಾಖಲೆಗೆ ಲಾಗ್ ಅಂತ ಹೆಸರು, ಅದನ್ನು ಓದುವ ಕಿಟಕಿ ಈವೆಂಟ್ ವ್ಯೂವರ್. ಸ್ಟಾರ್ಟ್ ಬಟನ್ ಮೇಲೆ ಬಲಗಡೆ ಕ್ಲಿಕ್ ಮಾಡಿದರೆ ಸಿಗುತ್ತದೆ. ಎಡಗಡೆ ‘ಅಪ್ಲಿಕೇಶನ್ಸ್ ಅಂಡ್ ಸರ್ವಿಸಸ್ ಲಾಗ್ಸ್’ ಬಿಡಿಸಿ. ಅದರೊಳಗೆ ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್, ಕೆಳಗೆ ಇಳಿಯುತ್ತಾ ಹೋದರೆ ‘ಡಬ್ಲ್ಯೂಎಂಐ ಆ್ಯಕ್ಟಿವಿಟಿ’, ಅದರೊಳಗೆ ‘ಆಪರೇಶನಲ್’. ಇಲ್ಲಿದೆ ನಮಗೆ ಬೇಕಾದ ಪುಸ್ತಕ.

ಇಲ್ಲಿ ಕೆಂಪು ಗುರುತಿನ ಸಾಲುಗಳು ತುಂಬ ಇರುತ್ತವೆ. ಆರೋಗ್ಯವಾಗಿರುವ ಕಂಪ್ಯೂಟರಿನಲ್ಲೂ ಇರುತ್ತವೆ. ಎಣಿಸುತ್ತಾ ಕೂರಬೇಡಿ. ಎರಡು ಸಂಖ್ಯೆ ಮಾತ್ರ ಹುಡುಕಿ.

5858 ಅಂದರೆ ಯಾರೋ ಕೇಳಿದ ಪ್ರಶ್ನೆ ಸರಿಯಾಗಿ ಮುಗಿಯಲಿಲ್ಲ ಅಂತ. ಒಂದೇ ಪ್ರೋಗ್ರಾಂನ 5858 ಕೆಲವೇ ಸೆಕೆಂಡಿಗೊಮ್ಮೆ ಬಂದಿದೆಯಾ ನೋಡಿ. ಅಲ್ಲೊಂದು ಇಲ್ಲೊಂದು ಇದ್ದರೆ ಬಿಟ್ಟುಬಿಡಿ. ಅದರ ‘ರಿಸಲ್ಟ್ ಕೋಡ್’ ಕೂಡ ಮಾತಾಡುತ್ತದೆ. 80041032 ಅಂತ ಮುಗಿದರೆ ಕೇಳಿದವರೇ ಉತ್ತರ ಬರುವ ಮುಂಚೆ ಕೈಬಿಟ್ಟಿದ್ದಾರೆ. 80041010 ಅಂತ ಇದ್ದರೆ ಕಂಪ್ಯೂಟರಿನಲ್ಲಿ ಇಲ್ಲದೇ ಇರುವ ವಿಷಯ ಕೇಳಿದ್ದಾರೆ. 80041003 ಅಂದರೆ ಅನುಮತಿ ಇಲ್ಲ.

5860 ಅಂದರೆ ಯಾರೋ ‘ಇಂಥದ್ದು ಆದಾಗ ನನಗೆ ತಿಳಿಸು’ ಅಂತ ಹೆಸರು ಬರೆಸಿದ್ದಾರೆ. ಇದನ್ನು ಬಿಡಿಸಿ ಓದಿ. ‘ನೋಟಿಫಿಕೇಶನ್ ಕ್ವೆರಿ’ ಅನ್ನುವ ಜಾಗದಲ್ಲಿ ಅವರು ಕೇಳಿದ್ದೇನು ಅಂತ ಪೂರ್ತಿ ಇರುತ್ತದೆ. ಅದರಲ್ಲಿ ‘ವಿದಿನ್’ ಅನ್ನುವ ಪದ ಹುಡುಕಿ. ಅದರ ಮುಂದಿನ ಸಂಖ್ಯೆ ಸೆಕೆಂಡಿನ ಲೆಕ್ಕ. ‘ವಿದಿನ್ 1’ ಅಂದರೆ ಪ್ರತಿ ಸೆಕೆಂಡಿಗೂ ಪಟ್ಟಿ ತೆಗೆದು, ಹಳೆಯದಕ್ಕೆ ಹೋಲಿಸಿ ನೋಡು ಅಂತ ಅಪ್ಪಣೆ. ಪಟ್ಟಿ ಚಿಕ್ಕದಾದರೆ ಪರವಾಗಿಲ್ಲ. ಕಂಪ್ಯೂಟರಿನ ಎಲ್ಲ ಸಾಧನಗಳ ಪಟ್ಟಿಯಾದರೆ ಒಂದು ಸಲ ಮುಗಿಸುವಷ್ಟರಲ್ಲಿ ಇನ್ನೊಂದಕ್ಕೆ ಹೊತ್ತಾಗಿರುತ್ತದೆ.

ಈಗ ರೀಸ್ಟಾರ್ಟ್ ಯಾಕೆ ಬೇಕಿತ್ತು ಅಂತ ಹೇಳ್ತೀನಿ. 5860 ಬರೆಯುವುದು ಹೆಸರು ಬರೆಸಿದಾಗ ಒಂದೇ ಸಲ. ಆಮೇಲೆ ಸೆಕೆಂಡಿಗೊಮ್ಮೆ ಪಟ್ಟಿ ತೆಗೆಯುತ್ತಿದ್ದರೂ ಲಾಗ್‌ನಲ್ಲಿ ಹೊಸ ಸಾಲು ಬರುವುದಿಲ್ಲ. ಲಾಗ್ ತುಂಬಿದಂತೆ ಹಳೆಯ ಸಾಲು ಅಳಿಸಿಹೋಗುತ್ತದೆ. 41 ದಿನದ ಹಿಂದೆ ಬರೆಸಿದ ಹೆಸರು ಇವತ್ತು ಸಿಗುವ ಗ್ಯಾರಂಟಿ ಇಲ್ಲ. ಹೊಸದಾಗಿ ಬೂಟ್ ಮಾಡಿದರೆ ಅದು ಕಣ್ಣೆದುರಿಗೇ ಮತ್ತೆ ಬರೆಸುತ್ತದೆ.

ಚೀಟಿ ನೋಡಿದೆ, 11:09. ಲಾಗ್‌ನಲ್ಲಿ ಅದೇ ನಿಮಿಷಕ್ಕೆ ಒಂದು 5860. ಕೇಳಿದ್ದು ‘ವಿನ್32 ಪಿಎನ್‌ಪಿ ಎಂಟಿಟಿ’ಯ ಪಟ್ಟಿ. ಅಂದರೆ ಕೀಬೋರ್ಡಿನಿಂದ ಹಿಡಿದು ಮದರ್‌ಬೋರ್ಡಿನ ಚಿಪ್‌ವರೆಗೆ ಇರುವ ಎಲ್ಲ ಸಾಧನ. ಅದೂ ‘ವಿದಿನ್ 1’.

ಎರಡೂ ಬಗೆಯ ಸಾಲಿನಲ್ಲಿ ‘ಕ್ಲೈಂಟ್ ಪ್ರೊಸೆಸ್ ಐಡಿ’ ಅಂತ ಒಂದು ಸಂಖ್ಯೆ ಇರುತ್ತದೆ. ಅದೇ ಟೇಬಲ್ ನಂಬರ್. ಬರೆದುಕೊಂಡು ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್‌ಗೆ ಹೋಗಿ, ‘ಪಿಐಡಿ’ ಕಾಲಂ ಪ್ರಕಾರ ಜೋಡಿಸಿ, ಆ ಸಂಖ್ಯೆ ಯಾರದ್ದು ನೋಡಿ.

ಇಲ್ಲಿ ಎಡವುವವರು ಜಾಸ್ತಿ. ಈ ಸಂಖ್ಯೆ ಶಾಶ್ವತವಲ್ಲ. ಒಂದು ಪ್ರೋಗ್ರಾಂ ಮುಚ್ಚಿದ ಮೇಲೆ ಅದೇ ಸಂಖ್ಯೆ ಬೇರೆಯದಕ್ಕೆ ಹೋಗಬಹುದು. ನಿನ್ನೆಯ ಸಾಲಿನ ಸಂಖ್ಯೆಯನ್ನು ಇವತ್ತಿನ ಪಟ್ಟಿಯಲ್ಲಿ ಹುಡುಕಿ, ಪಾಪದ ಯಾವುದನ್ನೋ ಅನ್‌ಇನ್‌ಸ್ಟಾಲ್ ಮಾಡಬೇಡಿ. ಈ ಬೂಟ್ ಆದ ಮೇಲಿನ ಸಾಲನ್ನೇ ನೋಡಿ. ಸಂಖ್ಯೆ ‘ಎಸ್‌ವಿಸಿ ಹೋಸ್ಟ್’ನದ್ದಾದರೆ ಅದರ ಮೇಲೆ ಬಲಗಡೆ ಕ್ಲಿಕ್ ಮಾಡಿ ‘ಗೋ ಟು ಸರ್ವಿಸಸ್’ ಒತ್ತಿ, ಒಳಗಿರುವ ಸರ್ವಿಸ್ ಯಾವುದು ಅಂತ ತೋರಿಸುತ್ತದೆ. ಆ ಸಂಖ್ಯೆಯೇ ಪಟ್ಟಿಯಲ್ಲಿ ಇಲ್ಲದಿದ್ದರೆ ಕೇಳಿದವರು ಕೇಳಿ ಮುಚ್ಚಿಕೊಂಡು ಹೋಗಿದ್ದಾರೆ. ಆಗ ಟಾಸ್ಕ್ ಶೆಡ್ಯೂಲರ್ ತೆರೆದು, ಅದೇ ಹೊತ್ತಿಗೆ ಏನು ಓಡುತ್ತದೆ ಅಂತ ನೋಡಿ. ಇನ್ನು ‘ಕ್ಲೈಂಟ್ ಮೆಷಿನ್’ ಜಾಗದಲ್ಲಿ ನಿಮ್ಮ ಕಂಪ್ಯೂಟರಿನ ಹೆಸರು ಬಿಟ್ಟು ಬೇರೆ ಹೆಸರಿದ್ದರೆ ಪ್ರಶ್ನೆ ನೆಟ್‌ವರ್ಕಿನಿಂದ ಬರುತ್ತಿದೆ. ಆಫೀಸಿನ ಕಂಪ್ಯೂಟರಾದರೆ ನಿಮ್ಮ ಐಟಿಯವರ ಉಸ್ತುವಾರಿ ಸಾಫ್ಟ್‌ವೇರ್ ಇರಬಹುದು, ಅವರನ್ನೇ ಕೇಳಿ. ಮನೆಯಲ್ಲಿ ಹಾಗಿದ್ದರೆ ಹಗುರವಾಗಿ ತೆಗೆದುಕೊಳ್ಳಬೇಡಿ.

ಸಿಕ್ಕಿದ್ದು ಯಾರು

ಅಕ್ಕನ ಲ್ಯಾಪ್‌ಟಾಪಿನಲ್ಲಿ ಆ ಸಂಖ್ಯೆ ಒಂದು ಪ್ರಿಂಟರಿನ ಸ್ಟೇಟಸ್ ತೋರಿಸುವ ಸಾಫ್ಟ್‌ವೇರಿನದ್ದು. ಹೆಸರು ಓದಿ ಹೇಳಿದಾಗ ಅಕ್ಕ ತಲೆ ಎತ್ತಿದಳು. “ಅಯ್ಯೋ, ಆ ಪ್ರಿಂಟರ್ ಗುಜರಿಗೆ ಹಾಕಿ ಒಂದೂವರೆ ತಿಂಗಳಾಯ್ತಲ್ಲೋ!”

ಪ್ರಿಂಟರ್ ಹೋಗಿತ್ತು, ಅದರ ಸಾಫ್ಟ್‌ವೇರ್ ಉಳಿದಿತ್ತು. ಪ್ರಿಂಟರ್ ಇದ್ದಷ್ಟು ದಿನ ಅದರ ಜೊತೆ ನೇರವಾಗಿ ಮಾತಾಡಿಕೊಂಡು ತೆಪ್ಪಗೆ ಇತ್ತು ಅಂತ ಕಾಣುತ್ತದೆ. ಹೋದ ಮೇಲೆ ಈಗ ಬಂತಾ, ಈಗ ಬಂತಾ ಅಂತ ಸೆಕೆಂಡಿಗೊಮ್ಮೆ ಬಾಗಿಲ ಕಡೆ ನೋಡುತ್ತಿತ್ತು. ಲ್ಯಾಪ್‌ಟಾಪ್ ನಿಧಾನವಾಗಿದ್ದೂ ಒಂದೂವರೆ ತಿಂಗಳ ಈಚೆಗೇ. ಯಾವಾಗಿಂದ ಹೀಗಾಗಿದೆ, ಅದೇ ಹೊತ್ತಿಗೆ ಅಂಗಡಿಯಲ್ಲಿ ಏನು ಬದಲಾಯಿತು ಅಂತ ನಾನು ಮೊದಲೇ ಕೇಳಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು. ನೀವು ಮೊದಲೇ ಕೇಳಿ.

ಆದರೂ ಅನ್‌ಇನ್‌ಸ್ಟಾಲ್ ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು. ಸರ್ವಿಸಸ್ ಕಿಟಕಿ ತೆರೆದು, ಅನುಮಾನ ಇರುವ ಸರ್ವಿಸ್ ಹುಡುಕಿ, ‘ಸ್ಟಾಪ್’ ಕೊಡಿ. ಟಾಸ್ಕ್ ಮ್ಯಾನೇಜರ್ ಪಕ್ಕದಲ್ಲೇ ತೆರೆದಿರಲಿ. ಸ್ಟಾಪ್ ಕೊಟ್ಟಾಗ 25 ಇದ್ದದ್ದು 9 ಆಯಿತು, 2 ಆಯಿತು, ಸೊನ್ನೆ ಆಯಿತು. ‘ಸ್ಟಾರ್ಟ್’ ಕೊಟ್ಟೆ. ಹತ್ತು ಸೆಕೆಂಡಿನೊಳಗೆ ಮತ್ತೆ 25. ಮತ್ತೆ ಸ್ಟಾಪ್, ಮತ್ತೆ ಸೊನ್ನೆ. ಎರಡು ಸಲ ಹೀಗಾದರೆ ಮಾತ್ರ ಕಾರಣ ಸಿಕ್ಕಿತು ಅಂತ ಒಪ್ಪಿಕೊಳ್ಳಿ. ಒಂದು ಸಲ ಇಳಿದಿದ್ದು ಕಾಕತಾಳೀಯವೂ ಆಗಿರಬಹುದು.

ಆಮೇಲೆ ಸೆಟ್ಟಿಂಗ್ಸ್‌ನ ಆ್ಯಪ್ಸ್‌ಗೆ ಹೋಗಿ ಆ ಸಾಫ್ಟ್‌ವೇರ್ ತೆಗೆದೆ. ನಿಮ್ಮಲ್ಲಿ ಸಿಕ್ಕಿದ್ದು ಬೇಕಾದ ಸಾಫ್ಟ್‌ವೇರ್ ಆದರೆ ಮೊದಲು ಅದರ ಹೊಸ ಆವೃತ್ತಿ ಹಾಕಿ. ಅದರಿಂದಲೂ ಆಗದಿದ್ದರೆ ಸರ್ವಿಸ್‌ನ ‘ಸ್ಟಾರ್ಟಪ್ ಟೈಪ್’ ಮ್ಯಾನುಯಲ್ ಮಾಡಿ. ಪ್ರಿಂಟರಿನ ಡ್ರೈವರ್ ಇದ್ದರೆ ಪ್ರಿಂಟ್ ಹೋಗುತ್ತದೆ, ಇಂಕ್ ಎಷ್ಟಿದೆ ಅಂತ ತೋರಿಸುವ ಕಿಟಕಿ ಇಲ್ಲದಿದ್ದರೂ ನಡೆಯುತ್ತದೆ.

ಲಾಗ್‌ನಲ್ಲಿ ಏನೂ ಸಿಗದಿದ್ದರೆ

ಯಶಸ್ವಿಯಾಗಿ ಮುಗಿಯುವ ಸಾದಾ ಪ್ರಶ್ನೆಗಳು ಆಪರೇಶನಲ್ ಲಾಗ್‌ನಲ್ಲಿ ಬರುವುದಿಲ್ಲ. ಅವನ್ನು ಹಿಡಿಯಲು ಈವೆಂಟ್ ವ್ಯೂವರಿನ ‘ವ್ಯೂ’ ಮೆನುವಿನಲ್ಲಿ ‘ಶೋ ಅನಲಿಟಿಕ್ ಅಂಡ್ ಡೀಬಗ್ ಲಾಗ್ಸ್’ ಆನ್ ಮಾಡಿ. ಅದೇ ಡಬ್ಲ್ಯೂಎಂಐ ಆ್ಯಕ್ಟಿವಿಟಿ ಕೆಳಗೆ ‘ಟ್ರೇಸ್’ ಕಾಣಿಸುತ್ತದೆ. ಅದನ್ನು ಎನೇಬಲ್ ಮಾಡಿ, ಒಂದೆರಡು ನಿಮಿಷ ಬಿಟ್ಟು ಡಿಸೇಬಲ್ ಮಾಡಿ. ಮರೆತು ಹಾಗೇ ಬಿಡಬೇಡಿ, ಅದೇ ಇನ್ನೊಂದು ಹೊರೆಯಾಗುತ್ತದೆ. ಈಗ 11 ಅನ್ನುವ ಸಂಖ್ಯೆಯ ಈವೆಂಟುಗಳಲ್ಲಿ ಯಾರು, ಏನು ಕೇಳಿದರು ಅಂತ ಒಂದೊಂದೂ ಸಿಗುತ್ತದೆ. ಯಾವ ಪಿಐಡಿ ಪದೇ ಪದೇ ಬರುತ್ತದೋ ಅದೇ.

ಕಾಲೇಜು, ಆಫೀಸಿನ ಕಂಪ್ಯೂಟರುಗಳಲ್ಲಿ ‘ವಿನ್32 ಪ್ರಾಡಕ್ಟ್’ ಅನ್ನುವ ಹೆಸರು ಕಂಡರೆ ಅಲ್ಲೇ ನಿಲ್ಲಿ. ಯಾವ ಯಾವ ಸಾಫ್ಟ್‌ವೇರ್ ಹಾಕಿದೆ ಅಂತ ಪಟ್ಟಿ ಮಾಡುವ ಸ್ಕ್ರಿಪ್ಟ್‌ಗಳು ಇದನ್ನು ಕೇಳುತ್ತವೆ. ನೋಡಲು ಸಾಧು ಪ್ರಶ್ನೆ. ಆದರೆ ಇದನ್ನು ಕೇಳಿದ ಕೂಡಲೇ ವಿಂಡೋಸ್ ಇನ್‌ಸ್ಟಾಲರ್ ತಾನು ಹಾಕಿದ ಪ್ರತಿಯೊಂದು ಪ್ಯಾಕೇಜನ್ನೂ ಸರಿಯಿದೆಯಾ ಅಂತ ಪರೀಕ್ಷೆ ಮಾಡುತ್ತದೆ, ಕೆಲವನ್ನು ದುರಸ್ತಿಯೂ ಮಾಡುತ್ತದೆ. ಅಪ್ಲಿಕೇಶನ್ ಲಾಗ್‌ನಲ್ಲಿ ‘ಎಂಎಸ್‌ಐ ಇನ್‌ಸ್ಟಾಲರ್’ ಹೆಸರಿನಲ್ಲಿ 1035ರ ಸಾಲುಗಳು ಸಾಲುಸಾಲಾಗಿ ಬಿದ್ದಿದ್ದರೆ ಇದೇ ಕಾರಣ. ಸ್ಕ್ರಿಪ್ಟ್ ಬರೆದವರಿಗೆ ಹೇಳಿ, ರಿಜಿಸ್ಟ್ರಿಯ ಅನ್‌ಇನ್‌ಸ್ಟಾಲ್ ಪಟ್ಟಿ ಓದುವ ಹಾಗೆ ಬದಲಾಯಿಸಿಕೊಳ್ಳಲಿ. ಅದಕ್ಕೆ ಕ್ಷಣ ಸಾಕು.

ಸಿಪಿಯು ಬದಲು ಮೆಮೊರಿ ಏರುತ್ತಾ ಹೋಗುವ ಬಗೆಯೂ ಇದೆ. ಒಂದು ಪ್ರೊವೈಡರ್ ಹೋಸ್ಟ್‌ಗೆ ಮಾಮೂಲಾಗಿ 512 ಎಂಬಿ ಮಿತಿ ಇರುತ್ತದೆ. ಮಿತಿ ಮುಟ್ಟಿದಾಗ ವಿಂಡೋಸ್ ಅದನ್ನು ನಿಲ್ಲಿಸಿ, ಅಪ್ಲಿಕೇಶನ್ ಲಾಗ್‌ನಲ್ಲಿ 5612 ಅಂತ ಬರೆಯುತ್ತದೆ. ಆಗಲೂ ಹುಡುಕುವ ದಾರಿ ಇದೇ.

ಕೊನೆಯ ಉಪಾಯ ಕ್ಲೀನ್ ಬೂಟ್. ಸಿಸ್ಟಮ್ ಕಾನ್ಫಿಗರೇಶನ್‌ನಲ್ಲಿ ಸರ್ವಿಸಸ್‌ಗೆ ಹೋಗಿ, ‘ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್’ಗೆ ಮೊದಲು ಟಿಕ್ ಹಾಕಿ. ಇದನ್ನು ಮರೆಯಲೇಬಾರದು. ಉಳಿದವನ್ನೆಲ್ಲ ನಿಲ್ಲಿಸಿ ರೀಸ್ಟಾರ್ಟ್ ಮಾಡಿ. ಶಾಂತವಾದರೆ ಅರ್ಧ ಸರ್ವಿಸ್ ಆನ್ ಮಾಡಿ ನೋಡಿ. ಏರಿದರೆ ಕಳ್ಳ ಆ ಅರ್ಧದಲ್ಲಿದ್ದಾನೆ, ಇಲ್ಲವಾದರೆ ಇನ್ನೊಂದರಲ್ಲಿ. 32 ಸರ್ವಿಸ್ ಇದ್ದರೂ ಐದು ಸಲಕ್ಕೆ ಸಿಗುತ್ತದೆ.

ಡಬ್ಲ್ಯೂಎಂಐ ರೆಪಾಸಿಟರಿಯನ್ನು ಅಳಿಸಿ ಹೊಸದು ಮಾಡಿ ಅನ್ನುವ ಸಲಹೆಯೂ ತುಂಬ ಓಡಾಡುತ್ತದೆ. ಅದು ಡಬ್ಲ್ಯೂಎಂಐನ ದಾಖಲೆ ಪುಸ್ತಕ. ಅಳಿಸಿದರೆ ಬೇರೆ ಸಾಫ್ಟ್‌ವೇರ್‌ಗಳು ಬರೆಸಿಕೊಂಡ ಹೆಸರುಗಳೂ ಹೋಗಬಹುದು. ಪುಸ್ತಕ ಹರಿದಿದೆ ಅನ್ನುವ ಅನುಮಾನ ಇದ್ದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ವಿನ್‌ಎಂಜಿಎಂಟಿ ಎಂದು ಬರೆದು, ಜಾಗ ಬಿಟ್ಟು, ಓರೆಗೀಟು (/) ಹಾಕಿ ವೆರಿಫೈರೆಪಾಸಿಟರಿ ಅಂತ ಕೊಡಿ, ಇಂಗ್ಲಿಷಿನಲ್ಲಿ winmgmt /verifyrepository. ‘ಕನ್ಸಿಸ್ಟೆಂಟ್’ ಅಂದರೆ ಅದನ್ನು ಮುಟ್ಟಬೇಡಿ. ಕನ್ಸಿಸ್ಟೆಂಟ್ ಅಲ್ಲ ಅನ್ನುವ ಉತ್ತರ ಬಂದರೆ ವೆರಿಫೈ ಜಾಗದಲ್ಲಿ ಸಾಲ್ವೇಜ್ ಅಂತ ಕೊಟ್ಟು ನೋಡಿ. ರೀಸೆಟ್ ಕೊಡುವುದು ಬೇರೆ ದಾರಿಯೇ ಇಲ್ಲ ಅಂದಾಗ.

ಎಲ್ಲ ಮುಗಿದ ಮೇಲೆ ಮರುದಿನ ಒಮ್ಮೆ ಲಾಗ್ ನೋಡಿ. ನಾನು ಸೋಮವಾರ ಬೆಳಗ್ಗೆ ಫೋನಿನಲ್ಲೇ ಅಕ್ಕನಿಂದ ರೀಸ್ಟಾರ್ಟ್ ಮಾಡಿಸಿ, 5860ರ ಸಾಲುಗಳನ್ನು ಓದಿಸಿದೆ. ಸಾಧನಗಳ ಪಟ್ಟಿ ಕೇಳುವ ಆ ಸಾಲು ಇರಲಿಲ್ಲ. ಪ್ರೊವೈಡರ್ ಹೋಸ್ಟ್ ಎಷ್ಟು ತೋರಿಸ್ತಿದೆ ಅಂದೆ. “ಸೊನ್ನೆ. ಇಡು ಫೋನು, ಮುನ್ನೂರು ಕಾಗದ ಪ್ರಿಂಟ್ ಹಾಕೋದಿದೆ” ಅಂದಳು.